ಸೈಲೆಂಟ್ ಹಿಲ್ 2 ಬಂದಾಗಲೇ ಹೊಗಳಿದ್ದರೇ, ಆಮೇಲೆ ಹೊತ್ತು ಮೆರೆಸಿದ್ದೇ?

ಸೈಲೆಂಟ್ ಹಿಲ್ 2 ಎಂಬ ಭಯಾನಕ ವಿಡಿಯೋ ಗೇಮನ್ನು ಎಲ್ಲರೂ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಆದರೆ ಹಳೆಯ ಆವೃತ್ತಿಯನ್ನು ಆಸ್ಪತ್ರೆಯ ಭಾಗದವರೆಗೆ ಆಡಿದ ನಿಮಗೆ ಹೊಡೆದಾಟ ಒರಟು, ಪಾತ್ರಗಳ ಮಾತು ವಿಚಿತ್ರ ಎನ್ನಿಸಿದೆ. 2001ರಲ್ಲಿ ವಿಮರ್ಶಕರು ನಿಜಕ್ಕೂ ಮೆಚ್ಚಿದ್ದರೇ ಅಥವಾ ಇದೆಲ್ಲ ಹಳೆಯ ನೆನಪಿನ ಮೋಹವೇ ಎಂಬುದು ನಿಮ್ಮ ಪ್ರಶ್ನೆ.

ಮೆಚ್ಚಿದ್ದರು. ಆದರೆ ನೀವು ಇಂದು ದೂರುತ್ತಿರುವುದನ್ನೇ ಅವರಲ್ಲಿ ಹಲವರು ಅಂದೇ ದೂರಿದ್ದರು. ಎರಡೂ ನಿಜ. ನಿಮ್ಮ ಅಭಿರುಚಿಯಲ್ಲೇನೋ ಕೊರತೆಯಿದೆ ಎಂದು ಯಾರಾದರೂ ಹೇಳಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮೊದಲು ಅಂಕಗಳನ್ನು ಮುಗಿಸಿಬಿಡೋಣ. ಪ್ಲೇಸ್ಟೇಷನ್ 2ಕ್ಕೆ ಬಂದ ಮೂಲ ಆಟಕ್ಕೆ, ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿರುವ ಸರಾಸರಿ ನೂರಕ್ಕೆ 89. ಮೂರು ವರ್ಷ ಮೊದಲು ಬಂದಿದ್ದ, ಇದೇ ಬಗೆಯ ಭಯದ ಆಟವಾದ ರೆಸಿಡೆಂಟ್ ಈವಿಲ್ 2ಕ್ಕೂ ಅಷ್ಟೇ ಇದೆ. ಇಷ್ಟು ನೋಡಿದರೆ ಎಲ್ಲರೂ ಒಂದೇ ದನಿಯಲ್ಲಿ ಹೊಗಳಿದಂತೆ ಕಾಣುತ್ತದೆ. ಆದರೆ ಸರಾಸರಿ ಎಂಬುದು ಜಗಳವನ್ನು ಮುಚ್ಚಿಡುವ ಜಮಖಾನೆ. ಆಟಗಳ ವಿಮರ್ಶೆಯ ಎರಡು ತಾಣಗಳಲ್ಲಿ ಐಜಿಎನ್ ಹತ್ತಕ್ಕೆ 9 ಕೊಟ್ಟಿತ್ತು, ಗೇಮ್‌ಸ್ಪಾಟ್ ಕೊಟ್ಟದ್ದು 7.7. ಒಂದೇ ಆಟ, ಒಂದೇ ಕನ್ಸೋಲ್, ಒಂದಕ್ಕಿಂತ ಹೆಚ್ಚು ಅಂಕದ ಅಂತರ. ಮಂಜು, ಬೆಳಕು, ಮುಖಗಳು, ಅಕಿರಾ ಯಮಾವೊಕಾ ಅವರ ಸಂಗೀತ, ಇವುಗಳ ಬಗ್ಗೆ ಹೆಚ್ಚು ತಕರಾರು ಇರಲಿಲ್ಲ. ಜಗಳವಿದ್ದದ್ದು ಹೊಡೆದಾಟ, ಕ್ಯಾಮೆರಾ, ಮಾತುಗಾರಿಕೆಗಳ ಮೇಲೆ. ಜೊತೆಗೆ, ಎರಡನೆಯ ಭಾಗ ಎಂದು ಹೆಸರಿಟ್ಟುಕೊಂಡು 1999ರ ಮೊದಲ ಆಟದ ಕಥೆಯನ್ನು ಮುಂದುವರಿಸದೆ ಊರೊಂದನ್ನು ಮಾತ್ರ ಉಳಿಸಿಕೊಂಡದ್ದು ಹಲವು ಆಟಗಾರರಿಗೆ ನುಂಗಲಾರದ ತುತ್ತಾಗಿತ್ತು.

ಹೊಡೆದಾಟದ ದೂರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಥಾನಾಯಕ ಜೇಮ್ಸ್ ಸಂಡರ್‌ಲ್ಯಾಂಡ್ ಪೊಲೀಸನೂ ಅಲ್ಲ, ಸೈನಿಕನೂ ಅಲ್ಲ. ಮೂರು ವರ್ಷದ ಹಿಂದೆ ಕಾಯಿಲೆಯಿಂದ ತೀರಿಕೊಂಡ ಹೆಂಡತಿ ಮೇರಿಯಿಂದ ಪತ್ರ ಬಂತೆಂದು ಸೈಲೆಂಟ್ ಹಿಲ್ ಎಂಬ ಮಂಜು ಮುಸುಕಿದ ಊರಿಗೆ ಬಂದವನು. ಅವನ ಮೊದಲ ಆಯುಧ ಮೊಳೆ ಹೊಡೆದ ಒಂದು ಹಲಗೆ. ಅವನು ಅದನ್ನು ಬೀಸುವುದು ಹಲಗೆ ಬೀಸಿ ಅಭ್ಯಾಸವಿಲ್ಲದವನ ಹಾಗೆಯೇ. ಇದು ಉದ್ದೇಶಪೂರ್ವಕ ಎಂದು ಅಭಿಮಾನಿಗಳು ಹೇಳುತ್ತಾರೆ. ನಾನು ಅಷ್ಟು ಉದಾರಿಯಲ್ಲ. ಅರ್ಧ ಉದ್ದೇಶ, ಅರ್ಧ ಆ ಕಾಲದ ಒರಟುತನ. ಇಕ್ಕಟ್ಟಾದ ಓಣಿಯಲ್ಲಿ ಕ್ಯಾಮೆರಾ ಶತ್ರುವನ್ನು ತೋರಿಸದೆ ಗೋಡೆಯನ್ನು ತೋರಿಸಿದರೆ ಅದರಲ್ಲಿ ಕಲೆಯೇನೂ ಇಲ್ಲ. ಅದೇ ಋತುವಿನಲ್ಲಿ ಡೆವಿಲ್ ಮೇ ಕ್ರೈ ಬಂದಿತ್ತು ಎಂಬುದನ್ನೂ ನೆನಪಿಡಿ. ರೆಸಿಡೆಂಟ್ ಈವಿಲ್ ಸರಣಿಯ ಮುಂದಿನ ಭಾಗವಾಗಿ ಶುರುವಾದ ಆ ಆಟ ಕೊನೆಗೆ ಶುದ್ಧ ಹೊಡೆದಾಟದ ಹಬ್ಬವಾಗಿ ಹೊರಬಂತು. ಅದನ್ನು ಆಡಿದ ಕೈ ಜೇಮ್ಸ್‌ನನ್ನು ಹಿಡಿದಾಗ ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಮಂಜು. ಮೊದಲ ಆಟದಲ್ಲಿ ಅದು ಹಳೆಯ ಯಂತ್ರದ ಬಡತನ ಮುಚ್ಚುವ ಪರದೆಯೂ ಆಗಿತ್ತು. ದೂರದ ರಸ್ತೆಯನ್ನು ಚಿತ್ರಿಸುವ ಶಕ್ತಿ ಆ ಪ್ಲೇಸ್ಟೇಷನ್‌ಗೆ ಇರಲಿಲ್ಲ. ಎರಡನೆಯದರ ಹೊತ್ತಿಗೆ ಶಕ್ತಿ ಬಂದಿತ್ತು, ಆದರೂ ಮಂಜನ್ನು ಉಳಿಸಿಕೊಂಡರು.

ಈಗ ನನಗೆ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಬಿಡುಗಡೆಯ ವಾರದ ವಿಮರ್ಶೆ ಈ ಆಟವನ್ನು ಪೂರ್ತಿಯಾಗಿ ನೋಡಲು ಸಾಧ್ಯವೇ ಇರಲಿಲ್ಲ. ಯಾಕೆಂದರೆ ನೀವು ಆಟವನ್ನು ನೋಡುತ್ತಿರುವಾಗ ಆಟ ಸದ್ದಿಲ್ಲದೆ ನಿಮ್ಮನ್ನು ನೋಡುತ್ತಿರುತ್ತದೆ.

ನನ್ನ ಮೊದಲ ಸುತ್ತಿನ ಕಥೆ ಕೇಳಿ. ಇಂಥ ಆಟಗಳನ್ನು ಆಡುವವರಿಗೆ ಇರುವ ಚಟ ನನಗೂ ಇದೆ: ಜಿಪುಣತನ. ಗುಂಡು, ಔಷಧಿ ಎಲ್ಲವನ್ನೂ ಮುಂದಿನ ದೊಡ್ಡ ಶತ್ರುವಿಗೆಂದು ಕೂಡಿಡುವುದು. ಜೇಮ್ಸ್ ಗಾಯಗೊಂಡು ನರಳುತ್ತಿದ್ದರೂ ‘ಇನ್ನೊಂದು ಹೊಡೆತ ತಡೆಯುತ್ತಾನೆ ಬಿಡು’ ಎಂದು ಓಡಿಸುತ್ತಿದ್ದೆ. ಕೊನೆಗೆ ಚೀಲದ ತುಂಬ ಔಷಧಿ ಉಳಿದಿತ್ತು, ನನಗೆ ಸಿಕ್ಕಿದ್ದು ಮಾತ್ರ ಎಲ್ಲಕ್ಕಿಂತ ಕತ್ತಲಾದ ಅಂತ್ಯ. ಕಥೆ ಇರುವುದೇ ಹೀಗೆ ಎಂದುಕೊಂಡು ಸುಮ್ಮನಾದೆ. ಬಹಳ ದಿನಗಳ ಮೇಲೆ ತಿಳಿಯಿತು: ಗಾಯಗೊಂಡ ಮೈಯನ್ನು ಎಷ್ಟು ಹೊತ್ತು ಹಾಗೇ ಬಿಟ್ಟೆ ಎಂಬುದನ್ನು ಆಟ ಲೆಕ್ಕವಿಡುತ್ತಿತ್ತು. ಏಂಜೆಲಾ ಎಂಬ ಹುಡುಗಿಯಿಂದ ಪಡೆದ ಚಾಕುವನ್ನು ಚೀಲದಿಂದ ತೆಗೆದು ಮತ್ತೆ ಮತ್ತೆ ನೋಡಿದ್ದೂ ಅದೇ ಖಾತೆಗೆ ಜಮೆಯಾಗಿತ್ತು. ನನ್ನ ಜಿಪುಣತನವನ್ನು ಆಟ ಬದುಕುವ ಆಸೆ ಇಲ್ಲದವನ ನಡತೆ ಎಂದು ಓದಿತ್ತು.

ಹಾಗೆಯೇ ಮೇರಿಯ ಫೋಟೋ, ಪತ್ರಗಳನ್ನು ಆಗಾಗ ತೆಗೆದು ನೋಡುವವನಿಗೆ ಬೇರೆ ಅಂತ್ಯ. ಮೇರಿಯನ್ನೇ ಹೋಲುವ ಮರಿಯಾ ಜೊತೆಗೆ ಬಂದಾಗ ಅವಳ ಹತ್ತಿರವೇ ಇದ್ದು ಕಾಪಾಡುವವನಿಗೆ ಮತ್ತೊಂದು. ಪರದೆಯ ಮೇಲೆ ಆಯ್ಕೆಯ ಗುಂಡಿಯಿಲ್ಲ, ಎಚ್ಚರಿಕೆಯೂ ಇಲ್ಲ. ಗಡುವಿನೊಳಗೆ ಒಮ್ಮೆ ಆಡಿ ಬರೆಯಬೇಕಾದ ವಿಮರ್ಶಕನಿಗೆ ಇದು ಹೇಗೆ ಗೊತ್ತಾಗಬೇಕು? ಅವನು ಒಂದು ಅಂತ್ಯ ನೋಡಿ, ‘ಹಲವು ಅಂತ್ಯಗಳಿವೆ’ ಎಂದು ಒಂದು ಸಾಲು ಬರೆದು, ಗ್ರಾಫಿಕ್ಸ್‌ಗೆ ಇಷ್ಟು, ಧ್ವನಿಗೆ ಇಷ್ಟು, ನಿಯಂತ್ರಣಕ್ಕೆ ಇಷ್ಟು ಎಂದು ಅಂಕ ಹಾಕಿದ. ಆ ಪಟ್ಟಿಯಲ್ಲಿ ‘ಆಟಗಾರನನ್ನು ಅಳೆದು ನೋಡುವುದು’ ಎಂಬ ಕಾಲಂ ಇರಲಿಲ್ಲ. ಅಂತ್ಯಗಳನ್ನು ಹೋಲಿಸಿ, ಯಾವ ನಡತೆಗೆ ಯಾವುದು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ರಾಕ್ಷಸರ ರೂಪಕ್ಕೂ ಜೇಮ್ಸ್‌ನ ಮನಸ್ಸಿಗೂ ಇರುವ ನಂಟನ್ನು ಬಿಡಿಸಿದವರು ಆಟಗಾರರು. ಆಟದ ಕೀರ್ತಿ ವರ್ಷಗಳ ಮೇಲೆ ಏರಿದ್ದರಲ್ಲಿ ಮೋಹದ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನ ಪಾಲು ಈ ತಡವಾದ ಓದಿನದು.

ಮಾತುಗಾರಿಕೆಯ ಬಗ್ಗೆ ನಾನು ನಿಮ್ಮ ಪಕ್ಷವನ್ನು ಅರ್ಧ ಮಾತ್ರ ಹಿಡಿಯುತ್ತೇನೆ. ಜೇಮ್ಸ್‌ಗೆ ಧ್ವನಿ ಕೊಟ್ಟ ಗೈ ಸಿಹಿ ವೃತ್ತಿಪರ ನಟರಾಗಿರಲಿಲ್ಲ. ಅವನ ಮಾತು ನಿದ್ದೆಯಿಂದ ಎದ್ದವನ ಮಾತಿನಂತಿದೆ. ಕೆಲವೆಡೆ ಅದು ಬರೀ ಪೇಲವ. ಆದರೆ ಕಥೆಯ ಕೊನೆಯ ಗುಟ್ಟು ತಿಳಿದ ಮೇಲೆ (ಅದನ್ನು ಇಲ್ಲಿ ಹೇಳುವುದಿಲ್ಲ, ನೀವಿನ್ನೂ ಆಸ್ಪತ್ರೆಯಲ್ಲೇ ಇದ್ದೀರಿ) ಮೊದಲ ದೃಶ್ಯಗಳನ್ನು ಮತ್ತೆ ಕೇಳಿ. ಅವನು ಯಾಕೆ ಹಾಗೆ ತಡವರಿಸಿದ, ಯಾಕೆ ಯಾವುದಕ್ಕೂ ಬೆಚ್ಚಲಿಲ್ಲ ಎಂಬುದು ಬೇರೆಯಾಗಿ ಕೇಳಿಸುತ್ತದೆ.

ಮರುಬಿಡುಗಡೆಗಳ ಗತಿಯೂ ಇದನ್ನೇ ಹೇಳುತ್ತದೆ. ಹಳೆಯ ಆಟವನ್ನು ಹೆಚ್ಚು ಸ್ಪಷ್ಟ ಚಿತ್ರದೊಂದಿಗೆ ಮರಳಿ ತಂದ 2012ರ ಎಚ್‌ಡಿ ಸಂಗ್ರಹದಲ್ಲಿ ಕಥೆ ಅದೇ, ಊರು ಅದೇ. ಮಂಜು ತೆಳುವಾಗಿ ಮುಚ್ಚಿಡಬೇಕಾದದ್ದೆಲ್ಲ ಬಯಲಾಯಿತು, ಒಂದು ನಾಮಫಲಕದ ಮೇಲೆ ಮಕ್ಕಳ ಆಮಂತ್ರಣ ಪತ್ರಿಕೆಗೆ ಹೊಂದುವ ಕಾಮಿಕ್ ಸ್ಯಾನ್ಸ್ ಅಕ್ಷರ ಬಂದು ಕುಳಿತಿತು. ವಿಮರ್ಶಕರು ಬೆಂಡೆತ್ತಿದರು. 2024ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ಮಾಡಿದ ರೀಮೇಕ್ ಬಂದಾಗ ಇದಕ್ಕೆ ಉಲ್ಟಾ ಆಯಿತು. ಅದೇ ವರ್ಷದ ಆರಂಭದಲ್ಲಿ ಹೊಡೆದಾಟದ ತುಣುಕು ತೋರಿಸಿದಾಗ ಅಭಿಮಾನಿಗಳು ಹಿಡಿಶಾಪ ಹಾಕಿದ್ದರು. ಆಟ ಕೈಗೆ ಬಂದ ಮೇಲೆ ವಿಮರ್ಶೆಗಳ ಸರಾಸರಿ 86ರ ಸುತ್ತ ನಿಂತಿತು. ಕ್ಯಾಮೆರಾ ಭುಜದ ಹಿಂದೆ ಬಂತು, ಹೊಡೆದಾಟ ಬಿಗಿಯಾಯಿತು. ನನಗೆ ಅದು ಇಷ್ಟವಾಯಿತು, ಆದರೆ ಶತ್ರುಗಳ ಸಂಖ್ಯೆ ತುಸು ಅತಿಯಾಯಿತು ಎನ್ನಿಸಿತು. ಜೇಮ್ಸ್ ಚೆನ್ನಾಗಿ ಹೊಡೆದಾಡಲು ಕಲಿತಷ್ಟೂ ನನ್ನ ಭಯ ಕಡಿಮೆಯಾಯಿತು.

ನೀವು ಏನು ಮಾಡಬೇಕು? ಹಳೆಯದನ್ನೇ ಮುಗಿಸುವ ಆಸೆಯಿದ್ದರೆ ಹೊಸದಾಗಿ ಶುರು ಮಾಡಿ, ಆಕ್ಷನ್ ಮಟ್ಟವನ್ನು ಸುಲಭಕ್ಕೆ ಇಳಿಸಿ. ಒಗಟಿನ ಮಟ್ಟಕ್ಕೆ ಬೇರೆಯೇ ಆಯ್ಕೆ ಇದೆ, ಅದನ್ನು ಇಳಿಸಬೇಡಿ. ಹೊಡೆದಾಟ ಇಷ್ಟವಿಲ್ಲದಿದ್ದರೆ ಬೀದಿಯಲ್ಲಿ ಸುಮ್ಮನೆ ಓಡಿಬಿಡಿ, ಮಂಜು ನಿಮಗೂ ಆಸರೆಯೇ. ಆಸ್ಪತ್ರೆಯಲ್ಲಿ ಮರಿಯಾ ಸುಸ್ತಾಗಿ ಒಂದು ಕೋಣೆಯಲ್ಲಿ ಮಲಗುತ್ತಾಳಲ್ಲ, ಅಲ್ಲಿಗೆ ಹಿಂತಿರುಗಿ ಹೋಗಿ ನೋಡಬೇಕೋ ಬೇಡವೋ ಎಂದು ನಾನು ಹೇಳಿಕೊಡುವುದಿಲ್ಲ. ಯಾವ ಅಂತ್ಯ ಸಿಕ್ಕಿತೆಂದು ಬಂದು ತಿಳಿಸಿ.