ಗೊಂಬೆ ಜನರ ಗಲಾಟೆ

ಪ್ರಶ್ನೆ: ಕಂಪ್ಯೂಟರ್‌ನೊಳಗೆ ‘ಏಜೆಂಟ್’ ಅನ್ನುವ ಗೊಂಬೆ ಜನರನ್ನು ಬಿಟ್ಟು ಸಮಾಜವನ್ನು ಅಧ್ಯಯನ ಮಾಡುತ್ತಾರಂತೆ. ಎರಡು ಮೂರು ನಿಯಮಕ್ಕೆ ಕುಣಿಯುವಷ್ಟು ಸರಳವೇ ಮನುಷ್ಯರು? ಸಮೀಕ್ಷೆ ಮಾಡಿದರೆ ಸಾಲದೇ?

ಉತ್ತರ: ಸರಳ ಅಲ್ಲ, ಒಪ್ಪಿದೆ. ಆದರೆ ಸಮೀಕ್ಷೆ ಎಲ್ಲಿ ಕೈಕೊಡುತ್ತದೆ ನೋಡಿ. 1978ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಲೆಕ್ಕ ಮುಂದಿಟ್ಟರು. ಒಂದು ಕಡೆ 100 ಜನ ಸೇರಿದ್ದಾರೆ ಅಂದುಕೊಳ್ಳಿ. ಒಬ್ಬ ಯಾರಿಗೂ ಕಾಯದೆ ಕಲ್ಲು ಎಸೆಯುವ ಆಸಾಮಿ. ಎರಡನೆಯವನು ಒಬ್ಬ ಎಸೆದದ್ದು ಕಂಡರೆ ತಾನೂ ಎಸೆಯುತ್ತಾನೆ. ಮೂರನೆಯವನಿಗೆ ಇಬ್ಬರು ಬೇಕು, ನಾಲ್ಕನೆಯವನಿಗೆ ಮೂವರು. ಹೀಗೇ ನೂರನೆಯವನಿಗೆ 99 ಜನ. ಮೊದಲ ಕಲ್ಲು ಬಿದ್ದರೆ ಸಾಕು, ನೂರೂ ಮಂದಿ ಗಲಾಟೆಗೆ ಇಳಿಯುತ್ತಾರೆ. ಈಗ ಎರಡನೆಯವನೊಬ್ಬನನ್ನು ಚೂರು ಬದಲಿಸಿ. ಅವನಿಗೂ ಇಬ್ಬರು ಎಸೆಯುವುದು ಕಾಣಬೇಕು, ಅಷ್ಟೇ. ಮೊದಲನೆಯವನು ಎಸೆಯುತ್ತಾನೆ. ಮಿಕ್ಕ 99 ಜನ ಸುಮ್ನೆ ನಿಂತಿರುತ್ತಾರೆ! ಎರಡೂ ಗುಂಪಿನವರ ಮನಸ್ಸನ್ನು ಕೇಳಿ ಸರಾಸರಿ ತೆಗೆದರೆ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಇಷ್ಟನ್ನು ಕಾಗದದ ಮೇಲೇ ಮಾಡಬಹುದು. ಆದರೆ ಗುಂಪಿನಲ್ಲಿ ಎಲ್ಲರಿಗೂ ಎಲ್ಲರೂ ಕಾಣುವುದಿಲ್ಲ ಅಲ್ವಾ? ಅಕ್ಕಪಕ್ಕದವರಷ್ಟೇ ಕಾಣುತ್ತಾರೆ. ಗೆಳೆಯ ಎಸೆದರೆ ಹುರುಪು ಜಾಸ್ತಿ. ಕೆಲವರು ಹೆದರಿ ಓಡುತ್ತಾರೆ. ಇಲ್ಲಿ ಪೆನ್ಸಿಲ್ ಸೋಲುತ್ತದೆ. ಆಗ ಒಬ್ಬೊಬ್ಬ ಏಜೆಂಟ್‌ಗೂ ಅವನದೇ ನಿಯಮ ಕೊಟ್ಟು, ನಿಂತ ಜಾಗ ಬದಲಿಸಿ ಬದಲಿಸಿ, ಸಾವಿರಾರು ಸಲ ಓಡಿಸಿ ನೋಡುತ್ತಾರೆ. ಒಂದೇ ಸಲ ಓಡಿಸಿ ಬಣ್ಣಬಣ್ಣದ ಚಿತ್ರ ತೋರಿಸುವವರನ್ನು ನಾನಂತೂ ನಂಬುವುದಿಲ್ಲ.

ಪ್ರಶ್ನೆ: ಹಾಗಾದರೆ ಮುಂದೇನಾಗುತ್ತದೆ ಅಂತ ಇದು ಹೇಳಬಲ್ಲದೇ?

ಉತ್ತರ: ದಿನಾಂಕ ಸಮೇತ ಬೇಕಿದ್ದರೆ ರಾಶಿಫಲದ ಪುಟ ತಿರುವಿ! ನನಗೆ ಇಷ್ಟವಾದದ್ದು ಹಿಂದಿನದನ್ನು ಕೆದಕಿದ ಒಂದು ಮಾದರಿ. ಅಮೆರಿಕದ ಅರಿಜೋನಾದಲ್ಲಿ ಲಾಂಗ್ ಹೌಸ್ ಕಣಿವೆ ಅಂತಿದೆ. ಅಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ ಜನ ಸುಮಾರು 1300ರ ಹೊತ್ತಿಗೆ ಜಾಗ ಖಾಲಿ ಮಾಡಿದರು. ಸಂಶೋಧಕರು ಕ್ರಿ.ಶ. 800ರಿಂದ 1350ರವರೆಗಿನ ಹವೆ, ಬೆಳೆಗಳ ಅಂದಾಜು ಹಾಕಿ, ಒಂದೊಂದು ಕುಟುಂಬವನ್ನೂ ಏಜೆಂಟ್ ಮಾಡಿ ಓಡಿಸಿದರು. ಜನಸಂಖ್ಯೆಯ ಏರಿಳಿತ ಹೆಚ್ಚುಕಡಿಮೆ ತಾಳೆಯಾಯಿತು. ಕೊನೆಗೆ ಬಂದಾಗ ಮಾತ್ರ ಎಡವಟ್ಟು. ಬರ ಬಿದ್ದಾಗ ಗೊಂಬೆ ಜನ ಕಡಿಮೆಯಾದರೂ ಒಂದಷ್ಟು ಕುಟುಂಬ ಅಲ್ಲೇ ಉಳಿದವು. ನಿಜವಾದ ಜನ ಒಬ್ಬರೂ ಉಳಿದಿರಲಿಲ್ಲ.

ಸೋತಿತು ಅನ್ನುತ್ತೀರಾ? ನಾನು ಹಾಗನ್ನುವುದಿಲ್ಲ. ಕೆಲವರಿಗಾದರೂ ಸಾಲುವಷ್ಟು ಬೆಳೆ ಅಲ್ಲಿತ್ತು ಅಂತ ಅದು ತೋರಿಸಿತು. ಹಾಗಾದರೆ ಅವರೂ ಗಂಟುಮೂಟೆ ಕಟ್ಟಿದ್ದಕ್ಕೆ ಬರವಲ್ಲದೆ ಬೇರೆ ಕಾರಣವೂ ಇದ್ದಿರಬೇಕು. ಅದನ್ನು ಹುಡುಕಬೇಕಾದ್ದು ಹೊಲದಲ್ಲಲ್ಲ, ಆ ಜನರ ನಡುವೆ.