ಸಂಪಾದಕರ ಉತ್ತರ: ಕಾರಿನ ರೇಡಿಯೊದಲ್ಲಿ ರಾಪ್ ಬೇಕೆ?

(ಕಳೆದ ಸಂಚಿಕೆಯಲ್ಲಿ ಅಮೆರಿಕದ ಕ್ರೈಸ್ತ ಹಿಪ್‌ಹಾಪ್ ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ಟೆಕ್ಸಾಸ್‌ನಲ್ಲಿ ನೆಲೆಸಿರುವ, ಮೂಲತಃ ಉಡುಪಿ ಕಡೆಯ ಓದುಗರೊಬ್ಬರು ನಾಲ್ಕು ಪುಟಗಳ ಆಕ್ಷೇಪ ಬರೆದಿದ್ದಾರೆ. ತಾವು ಹನ್ನೊಂದು ವರ್ಷಗಳಿಂದ ತಿಂಗಳು ತಿಂಗಳೂ ದೇಣಿಗೆ ಕೊಡುತ್ತ ಬಂದಿರುವ ಕ್ರೈಸ್ತ ಸಂಗೀತ ರೇಡಿಯೊದಲ್ಲಿ ಒಂದು ಸಂಜೆ, ತಾಳಕ್ಕೆ ಪ್ರಾಸದ ಮಾತು ಹೊಂದಿಸಿ ನುಡಿಯುವ ರಾಪ್ ಹಾಡು ಬಂದಿತೆಂದೂ, ಹಿಂದಿನ ಸೀಟಿನಲ್ಲಿದ್ದ ಮಗ ದನಿ ಹೆಚ್ಚಿಸಲು ಕೇಳಿದನೆಂದೂ, ತಾವು ರೇಡಿಯೊ ಆರಿಸಿದರೆಂದೂ ತಿಳಿಸಿದ್ದಾರೆ. ಬೀದಿಯ ಕೆಟ್ಟತನದಲ್ಲಿ ಹುಟ್ಟಿದ ಹಾಡಿನ ಪ್ರಕಾರಕ್ಕೆ ದೇವರ ಹೆಸರು ಅಂಟಿಸಿದ ಮಾತ್ರಕ್ಕೆ ಅದು ಪವಿತ್ರವಾಗದು. ಕೇಳುಗರ ಹಣದಿಂದ ನಡೆಯುವ ಕೇಂದ್ರ ಕೇಳುಗರಿಗೆ ಬೇಡವಾದದ್ದನ್ನು ಹಾಕಬಾರದು. ಬೇಕಾದವರಿಗೆ ಫೋನಿನಲ್ಲಿ ಸಿಗುವಾಗ ರೇಡಿಯೊದಲ್ಲಿ ಏಕೆ ಬೇಕು? ಇವು ಅವರ ಮೂರು ಮಾತುಗಳು.)

ಮಾನ್ಯ ಸಹೋದರಿಯವರಿಗೆ ವಂದನೆಗಳು.

ಮೊದಲಿಗೆ ನಮ್ಮ ತಪ್ಪು. ಅಮೆರಿಕದ ಕ್ರೈಸ್ತ ರಾಪ್ ಗಾಯಕ ಲೆಕ್ರೇ ಅವರಿಗೆ 2013ರಲ್ಲಿ ರಾಪ್ ವಿಭಾಗದ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದಿತೆಂದು ನಮ್ಮ ಲೇಖನದಲ್ಲಿ ಅಚ್ಚಾಗಿತ್ತು. ನೀವು ತೋರಿಸಿಕೊಟ್ಟಂತೆ ಅದು ಸರಿಯಲ್ಲ. ಅವರ ‘ಗ್ರ್ಯಾವಿಟಿ’ ಆಲ್ಬಮ್ಮಿಗೆ ಬಂದದ್ದು ಅತ್ಯುತ್ತಮ ಗಾಸ್ಪೆಲ್ (ಅಮೆರಿಕದ ಕರಿಯರ ಚರ್ಚುಗಳ ಭಕ್ತಿಸಂಗೀತ) ಆಲ್ಬಮ್ ಪ್ರಶಸ್ತಿ, ಮತ್ತು ಆ ಪ್ರಶಸ್ತಿ ಹಿಪ್‌ಹಾಪ್ ಕಲಾವಿದರೊಬ್ಬರಿಗೆ ಸಂದದ್ದು ಅದೇ ಮೊದಲು. ತಿದ್ದಿದ್ದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ನೀವು ತಿದ್ದಿದ ಸಂಗತಿ ನಮ್ಮ ವಾದವನ್ನು ಕುಗ್ಗಿಸುವ ಬದಲು ಹಿಗ್ಗಿಸಿದೆ ಎಂಬುದನ್ನೂ ಹೇಳಬೇಕು. ರಾಪಿಗೆಂದೇ ಇಟ್ಟ ಮೂಲೆಯಲ್ಲಿ ಕೊಟ್ಟ ಬಹುಮಾನ ಅದಾಗಿರಲಿಲ್ಲ. ಗಾಸ್ಪೆಲ್ ಸಂಗೀತದ ನಡುಮನೆಯಲ್ಲಿ ಕೊಟ್ಟದ್ದಾಗಿತ್ತು.

ನಿಮ್ಮ ಮೊದಲನೆಯ ಮಾತನ್ನು ನಾನು ಒಪ್ಪಲಾರೆ. ಹುಟ್ಟಿದ ಜಾಗದಿಂದ ಹಾಡಿನ ಬಗೆಯೊಂದನ್ನು ಅಳೆಯುವುದಾದರೆ, ನಿಮ್ಮ ಕೇಂದ್ರ ಈಗ ಪ್ರಸಾರ ಮಾಡುತ್ತಿರುವುದರಲ್ಲಿ ಅರ್ಧಕ್ಕೂ ಹೆಚ್ಚನ್ನು ಕೈಬಿಡಬೇಕಾದೀತು. ಇಂದು ನಾವೆಲ್ಲ ಗಾಸ್ಪೆಲ್ ಎಂದು ಕರೆಯುವ ಸಂಗೀತಕ್ಕೆ ರೂಪ ಕೊಟ್ಟ ಥಾಮಸ್ ಎ. ಡಾರ್ಸಿ 1920ರ ದಶಕದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ, ಕರಿಯರ ಲೌಕಿಕ ಹಾಡಾದ ಬ್ಲೂಸ್‌ಗೆ ಪಿಯಾನೊ ನುಡಿಸುತ್ತಿದ್ದವರು. ಬ್ಲೂಸ್ ಗಾಯಕಿ ಮಾ ರೇನಿಯವರ ತಂಡದಲ್ಲಿದ್ದವರು. ಸಭ್ಯರು ಕೇಳಬಾರದ ಹಾಡುಗಳನ್ನೂ ಧ್ವನಿಮುದ್ರಿಸಿದ್ದವರು. ಅವರು ಅದೇ ಬೆರಳುಗಾರಿಕೆಯನ್ನು, ಅದೇ ಲಯವನ್ನು ದೇವರ ಹಾಡಿಗೆ ತಂದಾಗ ಶಿಕಾಗೊದ ಎಷ್ಟೋ ಚರ್ಚುಗಳು ಬಾಗಿಲು ಮುಚ್ಚಿದವು. 1932ರಲ್ಲಿ ಹೆರಿಗೆಯ ವೇಳೆ ಹೆಂಡತಿಯೂ, ಅದರ ಬೆನ್ನಿಗೇ ಕೂಸೂ ತೀರಿಕೊಂಡ ದುಃಖದಲ್ಲಿ ಅವರು ಬರೆದ ‘ಪ್ರೆಷಸ್ ಲಾರ್ಡ್’ ಇವತ್ತು ಯಾವ ಸಭೆಯಲ್ಲಿ ಹಾಡಿದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಗಾಸ್ಪೆಲ್ ಗಾಯಕಿ ಮಹೇಲಿಯಾ ಜ್ಯಾಕ್ಸನ್ ಹಾಡಿದ್ದು ಅದನ್ನೇ. ಬ್ಲೂಸ್‌ನ ಕೊಳೆ ತೊಳೆದುಹೋಗಿ ಅದು ಶುದ್ಧವಾಯಿತೆಂದು ನನಗನ್ನಿಸುವುದಿಲ್ಲ. ನಮ್ಮ ಕಿವಿಗೆ ಅದು ರೂಢಿಯಾಯಿತು, ಅಷ್ಟೆ.

ನಮ್ಮ ಕಡೆಯದೇ ಒಂದು ಮಾತು ನೆನಪಾಗುತ್ತದೆ. ಬಾಸೆಲ್ ಮಿಶನ್ನಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದಾಗ ಯೇಸುವಿನ ಕಥೆಯನ್ನು ಹೇಳಲು ಜರ್ಮನ್ ರಾಗಗಳನ್ನು ನಂಬಿ ಕೂರಲಿಲ್ಲ, ಗದುಗಿನ ಭಾರತ, ಜೈಮಿನಿ ಭಾರತಗಳನ್ನು ವಾಚನದಲ್ಲಿ ಕೇಳಿ ಬೆಳೆದ ಜನಕ್ಕೆ ಒಗ್ಗುವ ಕನ್ನಡದ ಪದ್ಯದ ಧಾಟಿಯನ್ನೇ ಹಿಡಿದರು. ಆ ಧಾಟಿ ಅದುವರೆಗೆ ಯಾವ ದೇವರನ್ನು ಹೊಗಳಿತ್ತು ಎಂಬ ಪ್ರಶ್ನೆ ಅವರನ್ನು ತಡೆಯಲಿಲ್ಲ.

ರಾಪ್ ಹೊಸದು, ನೆಲೆಯಿಲ್ಲದ್ದು ಎಂಬ ಧ್ವನಿಯೂ ನಿಮ್ಮ ಪತ್ರದಲ್ಲಿದೆ. ಒಕ್ಲಹೋಮಾದ ಸ್ಟೀಫನ್ ವೈಲಿ ‘ಬೈಬಲ್ ಬ್ರೇಕ್’ ಕ್ಯಾಸೆಟ್ಟನ್ನು ತಂದದ್ದು 1985ರಲ್ಲಿ. ಅಂದರೆ ಈ ಸಂಪ್ರದಾಯಕ್ಕೆ ನಲವತ್ತು ವರ್ಷ ತುಂಬಿದೆ. 1990ರ ದಶಕದಲ್ಲಿ ಫಿಲಡೆಲ್ಫಿಯಾದ ‘ಕ್ರಾಸ್ ಮೂವ್‌ಮೆಂಟ್’ ತಂಡ ಇದನ್ನು ಸುವಾರ್ತೆಯ ಸೇವೆಯೆಂದೇ ನಡೆಸಿತು. 2004ರಲ್ಲಿ ಲೆಕ್ರೇ ಮತ್ತು ಬೆನ್ ವಾಶರ್ ಕಟ್ಟಿದ ‘ರೀಚ್ ರೆಕಾರ್ಡ್ಸ್’ ಬಳಗ ತನ್ನನ್ನು 116 ಎಂದು ಕರೆದುಕೊಳ್ಳುತ್ತದೆ. ಅದು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದ ಹದಿನಾರನೆಯ ವಚನ; ಸುವಾರ್ತೆಯ ವಿಷಯದಲ್ಲಿ ನಾಚಿಕೊಳ್ಳೆನೆಂದು ಪೌಲನು ಹೇಳುವ ಮಾತು. ಇನ್ನು ರಾಪ್ ಗಾಯಕ ಷೈ ಲಿನ್ ಅವರ 2008ರ ‘ದಿ ಅಟೋನ್‌ಮೆಂಟ್’ ಆಲ್ಬಮ್ ಇಡಿಯಾಗಿ ಕ್ರಿಸ್ತನ ಪ್ರಾಯಶ್ಚಿತ್ತದ ಬಗ್ಗೆ, 2011ರದ್ದು ದೇವರ ಗುಣಲಕ್ಷಣಗಳ ಬಗ್ಗೆ. ನಾನು ಅವುಗಳನ್ನು ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿದ್ದೇನೆ. ನಾಲ್ಕು ನಿಮಿಷದ ಒಂದು ರಾಪಿನಲ್ಲಿ ಹಿಡಿಸುವಷ್ಟು ಪದಗಳು ನಿಮ್ಮ ಕೇಂದ್ರದ ಮೂರು ನಾಲ್ಕು ಹಾಡುಗಳನ್ನು ಸೇರಿಸಿದರೂ ಸಿಗಲಾರವು. ಒಂದೇ ಪಲ್ಲವಿಯನ್ನು ಹದಿನಾಲ್ಕು ಸಲ ತಿರುಗಿಸುವ ಹಾಡಿಗೂ, ಪ್ರಾಯಶ್ಚಿತ್ತ ಏಕೆ ಬೇಕಾಯಿತೆಂದು ಹಂತಹಂತವಾಗಿ ವಾದಿಸುವ ಹಾಡಿಗೂ ನಡುವೆ ಯಾವುದು ಉಪದೇಶಕ್ಕೆ ಹತ್ತಿರವೆಂದು ನೀವೇ ಹೇಳಿ. 2013ರಲ್ಲಿ ಅಮೆರಿಕದ ಸಭಾ ಸಮ್ಮೇಳನವೊಂದರ ವೇದಿಕೆಯಲ್ಲಿ ಕೆಲವು ಹಿರಿಯರು ಇಂಥ ರಾಪನ್ನು ಒಕ್ಕೊರಲಿನಿಂದ ಖಂಡಿಸಿದ್ದರು. ಅದಕ್ಕೆ ಬಂದ ಪ್ರತಿಕ್ರಿಯೆ ಎಷ್ಟಿತ್ತೆಂದರೆ, ಆ ಸಮ್ಮೇಳನ ನಡೆಸಿದವರೇ ಬಳಿಕ ಕ್ಷಮೆ ಕೇಳಿದರು. ರಾಪಿನ ಪರವಾಗಿ ಮಾತಾಡಿದವರಲ್ಲಿ ಅದರ ಗೀಳಿಲ್ಲದ, ಸಿದ್ಧಾಂತದಲ್ಲಿ ಕಟ್ಟುನಿಟ್ಟಿನ ಪಾಸ್ಟರರೂ ಇದ್ದರು.

ಪ್ರಸಿದ್ಧ ರಾಪ್ ಗಾಯಕ ಕಾನ್ಯೆ ವೆಸ್ಟ್ ಅವರ ಉದಾಹರಣೆ ಕೊಟ್ಟು ನೀವು ಎಚ್ಚರಿಸಿರುವುದು ಮಾತ್ರ ಸರಿ. 2019ರ ಅವರ ‘ಜೀಸಸ್ ಈಸ್ ಕಿಂಗ್’ ಆಲ್ಬಮ್, ಅಮೆರಿಕದಲ್ಲಿ ಸಂಗೀತದ ಜನಪ್ರಿಯತೆ ಅಳೆಯುವ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದಾಗ ಹಿಗ್ಗಿದ ಪತ್ರಿಕೆಗಳಲ್ಲಿ ನಮ್ಮದೂ ಒಂದು. ಮೂರು ವರ್ಷಗಳ ಬಳಿಕ ಯೆಹೂದ್ಯರ ಬಗ್ಗೆ ಅವರಾಡಿದ ಮಾತುಗಳನ್ನು ಕೇಳಿದ ಮೇಲೆ ಆ ಹಿಗ್ಗು ನಮಗೇ ಮುಜುಗರವಾಯಿತು. ಆದರೆ ಅದು ಪ್ರಸಿದ್ಧರಿಗೆ ಆತುರದಲ್ಲಿ ಆರತಿ ಎತ್ತುವವರಿಗೆ ತಕ್ಕ ಪಾಠ. ಇಪ್ಪತ್ತು ವರ್ಷದಿಂದ ಸಭೆಯೊಳಗೇ ಇದ್ದು ಹಾಡುತ್ತಿರುವವರನ್ನು ಹೊರಗಿಡಲು ಅದು ಕಾರಣವಾಗದು.

ಈಗ ಹಣದ ಮಾತಿಗೆ ಬರುತ್ತೇನೆ. ಇಲ್ಲಿನ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಭಾರತದಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ಖಾಸಗಿ ಎಫ್‌ಎಂ ಪರವಾನಗಿ ಸಿಗುವುದಿಲ್ಲವಾದ್ದರಿಂದ ಇಡೀ ದಿನ ದೇವರ ಹಾಡನ್ನೇ ಹಾಕುವ ಎಫ್‌ಎಂ ಕೇಂದ್ರ ಎಂಬುದು ನಮ್ಮವರಿಗೆ ಅಷ್ಟಾಗಿ ಪರಿಚಯವಿಲ್ಲ. ಅಮೆರಿಕದಲ್ಲಿ 1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಒಂದೇ ಕೇಂದ್ರವಾಗಿ ಶುರುವಾದ ಕೆ-ಲವ್ ಜಾಲ ಇವತ್ತು ದೇಶದುದ್ದಕ್ಕೂ ನೂರಾರು ಕೇಂದ್ರಗಳಲ್ಲಿ ಕೇಳಿಸುತ್ತದೆ. ಜಾಹೀರಾತಿಲ್ಲದೆ ಕೇಳುಗರ ದೇಣಿಗೆಯಿಂದಲೇ ನಡೆಯುತ್ತದೆ. ಇಂಥ ಕೇಂದ್ರಗಳನ್ನು ನಡೆಸುವವರ ಬಳಗದಲ್ಲಿ ‘ಬೆಕಿ’ ಎಂಬ ಹೆಸರೊಂದು ಬಹುಕಾಲ ಓಡಾಡಿತು. ಬೆಕಿ ಯಾರೂ ಅಲ್ಲ. ಹಾಡು ಆರಿಸುವವರು ಮನಸ್ಸಿನಲ್ಲಿಟ್ಟುಕೊಂಡ ಕಾಲ್ಪನಿಕ ಕೇಳುಗ ಮಹಿಳೆ. ವಯಸ್ಸು ಮೂವತ್ತು ನಲವತ್ತರ ನಡುವೆ, ನಗರದ ಹೊರವಲಯದಲ್ಲಿ ಮನೆ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಕಾರು. ಹಾಡೊಂದು ಬಂದಾಗ ಬೆಕಿ ಕೇಂದ್ರ ಬದಲಿಸುವಳೇ ಎಂಬುದೇ ಪ್ರಶ್ನೆ.

ಆ ಸಂಜೆ ನೀವು ಮಾಡಿದ್ದು ಅವರೆಲ್ಲ ಹೆದರುವ ಆ ಕೆಲಸವನ್ನೇ! ಕೊಡುವವರು ಕೇಳಬಾರದೇ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಇಂಥ ಕೇಂದ್ರ ನಿಮ್ಮ ಮಾತಿಗೆ ಬೆಲೆ ಕೊಡದಿದ್ದರೆ ಮುಂದಿನ ತಿಂಗಳು ಬಾಗಿಲು ಹಾಕಬೇಕಾದೀತು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರಿರುವುದು ನಿಮ್ಮ ಇಷ್ಟಾನಿಷ್ಟದ ಮೇಲಲ್ಲ, ಅದನ್ನು ಅಳೆಯುವ ಕೋಲಿನ ಮೇಲೆ. ಹೊಸ ಹಾಡನ್ನು ಪಟ್ಟಿಗೆ ಸೇರಿಸುವ ಮುನ್ನ ಕೇಂದ್ರಗಳು ಆಯ್ದ ಕೇಳುಗರಿಗೆ ಅದರ ಎಂಟು ಹತ್ತು ಸೆಕೆಂಡಿನ ತುಣುಕನ್ನು, ಸಾಮಾನ್ಯವಾಗಿ ಪಲ್ಲವಿಯನ್ನು, ಕೇಳಿಸಿ ಅಂಕ ಪಡೆಯುವುದುಂಟು. ಪಲ್ಲವಿಯ ಮೇಲೆ ನಿಂತ ಹಾಡು ಎಂಟು ಸೆಕೆಂಡಿನಲ್ಲಿ ಪಾಸಾಗುತ್ತದೆ. ರಾಪಿನಲ್ಲಾದರೋ ಅರ್ಥವೆಲ್ಲ ಚರಣದಲ್ಲಿರುತ್ತದೆ. ಮೊದಲ ಸಾಲಿನಲ್ಲಿ ಇಟ್ಟ ಮಾತು ಹದಿನಾರನೆಯ ಸಾಲಿನಲ್ಲಿ ತಿರುಗಿ ಬಂದು ಬೇರೆಯೇ ಅರ್ಥ ಕೊಡುವುದರಲ್ಲಿ ಅದರ ಕಸುಬಿದೆ. ಹರಿಕಥೆಯನ್ನು ಮಂಗಳಾರತಿಯ ಒಂದು ಸಾಲು ಕೇಳಿಸಿ ಪರೀಕ್ಷಿಸಿದರೆ ಹೇಗೋ ಹಾಗೆ ಇದು. ಪಾಪ್ ಹಾಡಿನ ನಡುವೆ ಬರುವ ರಾಪ್ ಚರಣವನ್ನು ರೇಡಿಯೊಗಾಗಿ ಕತ್ತರಿಸಿ ಕೊಡುವ ಪದ್ಧತಿಯೂ ಇದೆ. ಅಂಥ ಕಡೆ ನಿಮಗೆ ಬೇಡವಾದದ್ದು ನಿಮಗೆ ತಿಳಿಯುವ ಮೊದಲೇ ಮಾಯವಾಗಿರುತ್ತದೆ.

ಇದರ ಫಲ ಬಿಲ್‌ಬೋರ್ಡಿನ ಪಟ್ಟಿಗಳಲ್ಲಿ ಕಾಣುತ್ತದೆ. 2013ರ ಕೊನೆಯಿಂದ ಅದು ಕ್ರೈಸ್ತ ಹಾಡುಗಳಿಗೆ ಎರಡು ಲೆಕ್ಕ ಇಟ್ಟಿದೆ: ಮಾರಾಟ, ಆನ್‌ಲೈನ್ ಆಲಿಕೆ, ಪ್ರಸಾರ ಮೂರನ್ನೂ ಕೂಡಿಸಿದ್ದು ಒಂದು, ರೇಡಿಯೊ ಪ್ರಸಾರ ಮಾತ್ರ ಲೆಕ್ಕ ಹಾಕಿದ್ದು ಇನ್ನೊಂದು. ಮೊದಲನೆಯದರಲ್ಲಿ ರಾಪ್ ಹಾಡುಗಳು ಮೇಲೆ ಬರುತ್ತವೆ. ಎರಡನೆಯದರಲ್ಲಿ ಅವನ್ನು ಹುಡುಕಬೇಕಾಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ಲೆಕ್ರೇ ಅವರ ‘ಅನಾಮಲಿ’ ಮೊದಲ ವಾರದಲ್ಲೇ ಸುಮಾರು 88,000 ಪ್ರತಿ ಮಾರಾಟವಾಗಿ, ಅಮೆರಿಕದ ಎಲ್ಲ ಬಗೆಯ ಆಲ್ಬಮ್ಮುಗಳ ಪಟ್ಟಿಯಲ್ಲೂ ಗಾಸ್ಪೆಲ್ ಪಟ್ಟಿಯಲ್ಲೂ ಒಟ್ಟಿಗೇ ಮೊದಲ ಸ್ಥಾನ ಪಡೆಯಿತು. ಹಾಗೆ ಹಿಂದೆ ಯಾರಿಗೂ ಆಗಿರಲಿಲ್ಲ. ಅಷ್ಟು ಜನ ದುಡ್ಡು ಕೊಟ್ಟು ಕೊಂಡದ್ದಕ್ಕೆ ಕ್ರೈಸ್ತ ರೇಡಿಯೊದಲ್ಲಿ ಸಿಕ್ಕ ಜಾಗ ಅದಕ್ಕೆ ತಕ್ಕಷ್ಟಿರಲಿಲ್ಲ. ಕೆ-ಲವ್‌ನ ಸೋದರ ಜಾಲವಾದ ಏರ್1 ಎಳೆಯರಿಗೆಂದು ರಾಕ್, ಪಾಪ್‌ಗಳ ಜೊತೆ ಒಂದಿಷ್ಟು ರಾಪನ್ನೂ ಹಾಕುತ್ತಿತ್ತು. 2019ರ ಆರಂಭದಿಂದ ಅದೂ ಆರಾಧನಾ ಗೀತೆಗಳಿಗೇ ಮೀಸಲಾಯಿತು.

ಇಷ್ಟು ಹೇಳಿ, ಜನಾಂಗದ ಮಾತನ್ನು ಬಿಟ್ಟರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಅಮೆರಿಕದಲ್ಲಿ ಗಾಸ್ಪೆಲ್ ರೇಡಿಯೊ ಎಂದರೆ ಕರಿಯರದು, ‘ಕ್ರಿಶ್ಚಿಯನ್’ ರೇಡಿಯೊ ಎಂದರೆ ಬಹುಮಟ್ಟಿಗೆ ಬಿಳಿಯರದು. ಒಂದೇ ದೇವರಿಗೆ ಎರಡು ಕಂಪನಾಂಕಗಳು. ರಾಪ್ ಎರಡೂ ಕಡೆ ಮಲಮಗುವಾಯಿತು. 1997ರಲ್ಲಿ ಕಿರ್ಕ್ ಫ್ರ್ಯಾಂಕ್ಲಿನ್ ‘ಸ್ಟಾಂಪ್’ ಹಾಡಿನಲ್ಲಿ ಸಾಲ್ಟ್ ಎಂಬ ರಾಪ್ ಗಾಯಕಿಯನ್ನು ಸೇರಿಸಿಕೊಂಡಾಗ ಗಾಸ್ಪೆಲ್ ಕಡೆಯವರೇ ಮುಖ ಸಿಂಡರಿಸಿದ್ದರು, ಅತ್ತ ಎಂಟಿವಿ ಅದನ್ನು ಎಡೆಬಿಡದೆ ತೋರಿಸುತ್ತಿತ್ತು. ಬೆಕಿಯ ಚಿತ್ರದಲ್ಲಿ ಚರ್ಮದ ಬಣ್ಣ ಬರೆದಿಲ್ಲದಿದ್ದರೂ ನೋಡುವವರಿಗೆ ಅದು ಕಾಣುತ್ತದೆ. ಪೊಲೀಸರ ಗುಂಡಿಗೆ ಸತ್ತ ಕರಿಯ ಯುವಕರ ಬಗ್ಗೆ ಲೆಕ್ರೇ ಬಾಯಿಬಿಟ್ಟು ಮಾತಾಡತೊಡಗಿದ ಮೇಲೆ, ಅದುವರೆಗೆ ಚಪ್ಪಾಳೆ ತಟ್ಟುತ್ತಿದ್ದ ಬಿಳಿಯ ಕೇಳುಗರಲ್ಲಿ ಅನೇಕರು ದೂರ ಸರಿದರು. 2017ರಲ್ಲಿ ಅವರೂ ತಮ್ಮನ್ನು ಆ ವಲಯದಿಂದ ಬಿಡಿಸಿಕೊಂಡೆನೆಂದು ಬಹಿರಂಗವಾಗಿ ಹೇಳಿದರು. ಉಡುಪಿಯಿಂದ ಹೋದ ನೀವೂ ನಾನೂ ಆ ಚಿತ್ರದೊಳಗೆ ಇಲ್ಲವೆಂಬುದನ್ನು ನೆನಪಿಟ್ಟರೆ ಸಾಕು. ನಿಮಗೆ ಹಿಡಿಸಿದ್ದನ್ನು ಆ ಕೇಂದ್ರ ಹಾಕುತ್ತಿರುವುದು ಬೆಕಿಗೂ ಅದು ಹಿಡಿಸಿರುವುದರಿಂದ.

ಫೋನಿನಲ್ಲಿ ಸಿಗುತ್ತದಲ್ಲ ಎಂಬ ಕೊನೆಯ ಮಾತನ್ನು ಅರ್ಧ ಒಪ್ಪುತ್ತೇನೆ. ಸಿಗುತ್ತದೆ, ಉಪಗ್ರಹ ರೇಡಿಯೊದಲ್ಲಿ 2021ರಿಂದ ಇದಕ್ಕೆಂದೇ ‘ಹೋಲಿ ಕಲ್ಚರ್’ ಎಂಬ ವಾಹಿನಿಯಿದೆ. ರೇಡಿಯೊ ಹಾಕದಿದ್ದರೆ ಈ ಹಾಡುಗಳು ಸಾಯುವುದಿಲ್ಲ. ಆದರೆ ಫೋನು ಒಬ್ಬೊಬ್ಬರ ಕಿವಿಯದು. ತಾಯಿ ಮಗ ಒಟ್ಟಿಗೆ ಕೇಳಲೇಬೇಕಾಗುವ ಜಾಗವಾಗಿ ಉಳಿದಿರುವುದು ಕಾರಿನ ರೇಡಿಯೊ ಒಂದೇ. ಬೇರೆಯಾಗಿ ಕೇಳಿದ್ದರೆ ನೀವು ಈ ಪತ್ರವನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹಾಗೆಂದು ಭಾನುವಾರದ ಆರಾಧನೆಯಲ್ಲಿ ರಾಪ್ ಇರಲಿ ಎಂದು ನಾನು ಹೇಳುತ್ತಿಲ್ಲ. ಸಭೆಯ ಹಾಡು ಎಲ್ಲರೂ ಕೂಡಿ ಹಾಡಲು ಬರುವಂತಿರಬೇಕು, ರಾಪ್ ಒಬ್ಬನ ಬಾಯಿಯ ಕಲೆ. ನಿಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಆ ಕೇಂದ್ರದ ಹಾಡುಗಳು ಆಸರೆಯಾದವೆಂದು ಬರೆದಿದ್ದೀರಿ. ಅಂಥ ಹೊತ್ತಿನಲ್ಲಿ ಬೇಕಾಗುವುದು ಮೆಲುದನಿಯೇ, ವಾದವಲ್ಲ. ಒಳ್ಳೆಯ ರಾಪ್ ಗಮನ ಬೇಡುತ್ತದೆ. ಅಡುಗೆ ಮಾಡುತ್ತ ಅರ್ಧ ಕಿವಿಯಲ್ಲಿ ಕೇಳಿದರೆ ಅದು ಬರೀ ಗದ್ದಲವಾಗಿ ಕೇಳಿಸಿದರೆ ತಪ್ಪು ಕೇಳುವವರದಲ್ಲ. ಕೆಟ್ಟ ರಾಪೂ ಬೇಕಾದಷ್ಟಿದೆ. ಬೀಟು ಲೌಕಿಕದವರಿಂದ ಎತ್ತಿ, ಬೈಗುಳ ತೆಗೆದು, ಆ ಜಾಗಕ್ಕೆ ಯೇಸುವಿನ ಹೆಸರು ತುರುಕಿದ ಹಾಡುಗಳನ್ನು ನಾನೂ ಕೇಳಲಾರೆ. ಲೇಖನ ಕೇಳಿದ್ದು ಇಷ್ಟೇ: ತನ್ನನ್ನು ಕ್ರೈಸ್ತ ಸಂಗೀತದ ಕೇಂದ್ರವೆಂದು ಕರೆದುಕೊಳ್ಳುವ ರೇಡಿಯೊ, ಶನಿವಾರ ನಡುರಾತ್ರಿಯ ಒಂದು ತಾಸಿಗೆ ರಾಪನ್ನು ತಳ್ಳದೆ, ಹಗಲು ಹೊತ್ತಿನಲ್ಲೇ ತಾಸಿಗೊಂದು ಹಾಡು ಹಾಕಲಿ, ಹಾಕುವ ಮುನ್ನ ಹಾಡಿದವರು ಯಾರು, ಏನು ಹೇಳುತ್ತಿದ್ದಾರೆ ಎಂದು ನಿರೂಪಕರು ಎರಡು ಮಾತು ಹೇಳಲಿ. ಅದೂ ಆಗದೆಂದರೆ, ತಾವು ಇಂಥ ಕೇಳುಗರಿಗೆ ಮಾತ್ರ ಎಂದು ಹೇಳಿಕೊಳ್ಳಲಿ. ಆಗ ಅವರ ಮೇಲೆ ನನ್ನ ಆಕ್ಷೇಪವಿರುವುದಿಲ್ಲ.

ದೇಣಿಗೆ ನಿಲ್ಲಿಸಲೇ ಎಂದು ಕೇಳಿದ್ದೀರಿ. ಅದು ನೀವೇ ತೀರ್ಮಾನಿಸಬೇಕಾದದ್ದು. ನಿಲ್ಲಿಸುವ ಮುನ್ನ ಒಂದು ಕೆಲಸ ಮಾಡಬಹುದು. ಆ ಸಂಜೆ ಬಂದ ಹಾಡು ಯಾವುದೆಂದು ನಿಮ್ಮ ಪತ್ರದಲ್ಲಿಲ್ಲ, ಮಗನಿಗೆ ಗೊತ್ತಿರುತ್ತದೆ. ಅವನನ್ನು ಕೇಳಿ, ಸಾಹಿತ್ಯವನ್ನು ಬರೆಸಿಕೊಂಡು, ಸದ್ದಿಲ್ಲದೆ ಒಮ್ಮೆ ಓದಿ. ಅದರಲ್ಲಿ ಸುವಾರ್ತೆಗೆ ವಿರುದ್ಧವಾದ ಸಾಲು ಸಿಕ್ಕರೆ ನಮಗೆ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಟೀಕೆಯೊಂದಿಗೆ ಅಚ್ಚು ಹಾಕುತ್ತೇವೆ.

— ಸಂಪಾದಕ