ಓದುಗರು ಕೇಳಿದ್ದಾರೆ: ಬಿಸಿಲ ನಾಡಿನಲ್ಲಿ ಹಗುರ ನಡಿಗೆ

ಈ ಸಂಚಿಕೆಗೆ ಕಲಬುರಗಿ ಮತ್ತು ಯಾದಗಿರಿಯ ಓದುಗರಿಂದ ಬಂದ ನಾಲ್ಕು ಪತ್ರಗಳನ್ನು ಆಯ್ದುಕೊಂಡಿದ್ದೇವೆ. ಬೆಟ್ಟ ಹತ್ತುವ ಸಾಹಸಕ್ಕೆ ಇಳಿಯದೆ, ಒಂದೆರಡು ತಾಸು ನೀರು, ಗಿಡಮರ, ಹಕ್ಕಿಗಳ ನಡುವೆ ನಡೆದು ಬರುವುದು ಹೇಗೆ ಎಂಬುದು ನಾಲ್ಕೂ ಪತ್ರಗಳ ವಿಷಯ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನನಗೂ ನಮ್ಮ ಯಜಮಾನರಿಗೂ ಮೊಣಕಾಲು ನೋವು. ನಿತ್ಯ ನಡೆಯಬೇಕೆಂದು ವೈದ್ಯರು ಹೇಳಿದ್ದಾರೆ, ಆದರೆ ಬಡಾವಣೆಯ ರಸ್ತೆಯನ್ನೇ ಸುತ್ತಿ ಬೇಸರವಾಗಿದೆ. ಏರಿಳಿತವಿಲ್ಲದ, ಊರಿಗೆ ಹತ್ತಿರದ ಜಾಗಗಳನ್ನು ತಿಳಿಸಿ. "ನಮ್ಮಲ್ಲಿ ನಿಸರ್ಗ ಎಲ್ಲಿಂದ ಬರಬೇಕು?" ಎಂದು ಯಜಮಾನರು ನಗುತ್ತಾರೆ.
— ಜೇವರ್ಗಿ ಕಾಲೊನಿ, ಕಲಬುರಗಿ

ಉತ್ತರ: ಯಜಮಾನರ ನಗುವಿಗೆ ಕಾರಣ ಇಲ್ಲದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ನೋಡಿದವರಿಗೆ ಈ ಸೀಮೆಯಲ್ಲಿ ಜಾಲಿ ಮತ್ತು ಧೂಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮಲೆನಾಡಿನವರು ಜಾಗ ಗೊತ್ತುಮಾಡಿಕೊಂಡು ಯಾವ ಹೊತ್ತಿಗಾದರೂ ಹೊರಡಬಹುದು. ನಾವು ಮೊದಲು ಹೊತ್ತನ್ನು ಗೊತ್ತುಮಾಡಿಕೊಂಡು ಆಮೇಲೆ ಜಾಗದ ಮಾತು ಆಡಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲಿ ಆಗಿರುವುದರಿಂದಲೇ, ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಲಾಗುತ್ತದೆ. ಫ್ಯಾನಿನ ಕೆಳಗೆ ಕೂಡುವವರಿಗೇ ಈ ಏರ್ಪಾಡು ಬೇಕಾದಾಗ ನಡೆಯುವವರು ಅದಕ್ಕಿಂತ ಮುಂಚೆ ಏಳಬೇಕು. ಬೇಸಿಗೆಯಲ್ಲಿ ನಸುಕಿನಲ್ಲಿ ಹೊರಟು ಏಳೂವರೆಯೊಳಗೆ ಮನೆ ಸೇರಿ; ನವೆಂಬರಿನಿಂದ ಫೆಬ್ರವರಿಯವರೆಗೆ ಒಂಬತ್ತರವರೆಗೂ ಆರಾಮವಾಗಿ ನಡೆಯಬಹುದು.

ವಾರದ ದಿನಗಳಿಗೆ ಶರಣಬಸವೇಶ್ವರ ಕೆರೆಯ, ಅಂದರೆ ಜನ ಅಪ್ಪನ ಕೆರೆ ಎನ್ನುವ ಕೆರೆಯ, ದಂಡೆ ಸಾಕು. ಅಪ್ಪನ ಕೆರೆಗೆ ಬೆಳಗ್ಗೆ ಜನ ಬರುವುದು ಹೆಚ್ಚು, ಆದರೆ ನೆಲ ಸಮತಟ್ಟಾಗಿದೆ, ದಣಿದರೆ ಕೂಡಲು ಜಾಗವಿದೆ, ಮೊಣಕಾಲಿನವರಿಗೆ ಇವೆರಡೂ ಮುಖ್ಯ. ಸ್ವಲ್ಪ ದೂರ ಹೋಗಬಹುದಾದರೆ ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವೂ ಅದರ ಪಕ್ಕದ ಬುದ್ಧವಿಹಾರದ ಸುತ್ತಲಿನ ಬಯಲೂ ಇವೆ. ಪ್ರವೇಶದ ವೇಳೆಯನ್ನು ಗೇಟಿನಲ್ಲಿ ಕೇಳಿಕೊಳ್ಳಿ. ಬಹಮನಿ ಕೋಟೆಯ ಕಂದಕದ ಅಂಚು ನೋಡಲು ಚೆನ್ನಾದರೂ ಅಲ್ಲಿನ ಮೆಟ್ಟಿಲು, ಉರುಳುಗಲ್ಲು ನಿಮ್ಮಿಬ್ಬರಿಗೂ ಆಗಿಬರುವುದಿಲ್ಲ.

ಭಾನುವಾರಕ್ಕೆ ಮಾತ್ರ ಊರ ಹೊರಗಿನ ಕೆರೆಗಳಿಗೆ ಹೋಗಿ. ಖಾಜಾ ಕೋಟನೂರ ಮತ್ತು ಬೋಸಗಾ ಕೆರೆಗಳ ಏರಿಯ ಮೇಲೆ ನಿಧಾನವಾಗಿ ನಡೆಯಬಹುದು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಬಾತುಗಳ ಜೊತೆಗೆ ನಾಮದ ಕೋಳಿ, ನೀರುಕಾಗೆ, ಮಿಂಚುಳ್ಳಿಗಳನ್ನು ಇಂಥ ಕೆರೆಗಳಲ್ಲಿ ನೋಡಬಹುದು. ಗುಳುಮುಳುಕ ಎಂಬ ಮುಷ್ಟಿಗಾತ್ರದ ಹಕ್ಕಿ ಕಣ್ಣೆದುರೇ ಮುಳುಗಿ ಎಲ್ಲೋ ದೂರದಲ್ಲಿ ಮೇಲೇಳುತ್ತದೆ. ಅದು ಎಲ್ಲಿ ಏಳುತ್ತದೆಂದು ಯಜಮಾನರ ಜೊತೆ ಪಂಥ ಕಟ್ಟಿ, ಅವರ ಬೇಸರ ಹೋಗುತ್ತದೆ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಬರಿ ನೆಲದ ಮೇಲೆ ನೋಡಿಕೊಂಡು ಕಾಲಿಡಬೇಕು. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ನೆಲದ ಸಣ್ಣ ತಗ್ಗಿನಲ್ಲಿ ಹರಳುಗಳ ನಡುವೆ ಮೊಟ್ಟೆ ಇಡುತ್ತದೆ. ಕಂದು ನೆಲದ ಮೇಲೆ ಕಪ್ಪು ಚುಕ್ಕೆಯ ಆ ಮೊಟ್ಟೆಗಳನ್ನು ಹರಳಿನಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ. ಹಕ್ಕಿ ತಲೆಯ ಮೇಲೆ ಸುತ್ತುತ್ತ ಕೂಗತೊಡಗಿದರೆ ನೀವು ಮೊಟ್ಟೆಯ ಹತ್ತಿರ ಇದ್ದೀರಿ ಎಂದೇ ತಿಳಿದು ಬಂದ ಹಾದಿಯಲ್ಲೇ ಹಿಂದೆ ಸರಿಯಿರಿ. ದೂರದಲ್ಲಿ ಅಲುಗದೆ ಕುಳಿತರೆ ಅದು ನಾಲ್ಕು ಹೆಜ್ಜೆ ನಡೆದು, ನಿಂತು, ಮತ್ತೆ ನಡೆದು ಮೊಟ್ಟೆಗೆ ಮರಳುತ್ತದೆ. ಬಿಸಿಲು ಹೆಚ್ಚಾದಾಗ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವ ಹಕ್ಕಿ ಇದು. ನಿಸರ್ಗ ಎಲ್ಲಿದೆ ಎಂದು ಕೇಳುವವರಿಗೆ ಇದನ್ನೊಮ್ಮೆ ತೋರಿಸಿ.

ಪ್ರಶ್ನೆ: ಒಂಬತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳೊಂದಿಗೆ ಒಂದು ಭಾನುವಾರ ಬೀದರಿಗೆ ಹೋಗಿ ಬರಬೇಕೆಂದಿದ್ದೇವೆ. ಕೋಟೆ ನೋಡಿದ್ದಾರೆ. ಈ ಬಾರಿ ನಡೆಯುತ್ತ ನಿಸರ್ಗ ನೋಡಬೇಕು. ನರಸಿಂಹ ಝರಣಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?
— ಬ್ರಹ್ಮಪುರ, ಕಲಬುರಗಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ದರ್ಶನಕ್ಕೆ ಗುಹೆಯೊಳಗೆ ದೊಡ್ಡವರಿಗೆ ಸೊಂಟದಿಂದ ಎದೆಯವರೆಗೆ ಬರುವ ನೀರಿನಲ್ಲಿ ಸಾಗಬೇಕು, ಮೇಲೆ ಬಾವಲಿಗಳಿರುತ್ತವೆ, ಜನಸಂದಣಿಯಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಆರು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತು ಹೋಗುವವರು ಇದ್ದಾರೆ. ನಾವು ಹಾಗೆ ಮಾಡಿ ಎಂದು ಹೇಳಲಾರೆವು.

ಆದರೆ ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೇ ನಿಮ್ಮ ಇಡೀ ದಿನದ ನಡಿಗೆಯ ವಿಷಯ ಮಾಡಿಕೊಳ್ಳಬಹುದು. ಬೀದರ್ ನಗರ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದ್ದು, ಅದರ ಮೇಲ್ಪದರ ಜಂಬಿಟ್ಟಿಗೆ ಕಲ್ಲಿನದು. ಈ ಕೆಂಪು ಕಲ್ಲಿನ ತುಂಬ ತೂತುಗಳಿರುವುದರಿಂದ ಮಳೆನೀರು ಹರಿದು ಹೋಗುವ ಬದಲು ಅದರೊಳಗೆ ಇಂಗುತ್ತದೆ. ಕೆಳಗಿರುವ ಜೇಡಿಪದರ ಮತ್ತು ಕಪ್ಪುಕಲ್ಲಿನ ಪದರ ಅದನ್ನು ಸುಲಭವಾಗಿ ಇನ್ನೂ ಕೆಳಕ್ಕೆ ಬಿಡದ ಕಾರಣ, ಎರಡು ಪದರಗಳು ಕೂಡುವ ಮಟ್ಟದಲ್ಲಿ, ಪ್ರಸ್ಥಭೂಮಿಯ ಅಂಚಿನ ಇಳಿಜಾರುಗಳಲ್ಲಿ, ನೀರು ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶದ ನೀರು, ಎಲ್ಲದರ ಹಿಂದೆಯೂ ಈ ನೆಲದ ಇದೇ ಗುಣವಿದೆ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಬೇಡಿ. ದಾರಿಯಲ್ಲಿ ಬಿದ್ದ ಒಂದು ಕೆಂಪು ಕಲ್ಲಿನ ಚೂರಿನ ಮೇಲೆ ಬಾಟಲಿಯಿಂದ ಒಂದು ಮುಚ್ಚಳ ನೀರು ಹನಿಸಲು ಹೇಳಿ, ಆಮೇಲೆ ಒಂದು ಕಪ್ಪು ಕಲ್ಲಿನ ಮೇಲೂ ಅಷ್ಟೇ ಹನಿಸಲಿ. ಮೊದಲನೆಯದು ಕುಡಿದುಬಿಡುತ್ತದೆ, ಎರಡನೆಯದರ ಮೇಲಿಂದ ನೀರು ಜಾರಿ ಹೋಗುತ್ತದೆ. ಒಂಬತ್ತು ವರ್ಷದವನಿಗೆ ಉಳಿದದ್ದು ತಾನೇ ಹೊಳೆಯುತ್ತದೆ.

ಅದನ್ನು ಮಾಡಿದ ಮೇಲೆ ನೌಬಾದಿನ ಸುರಂಗ ಬಾವಿಯನ್ನು ತೋರಿಸಿ. ಬಹಮನಿ ಅರಸರು 15ನೆಯ ಶತಮಾನದಲ್ಲಿ ಪರ್ಷಿಯಾದ ಕಾರೇಜ್ ಪದ್ಧತಿಯಂತೆ ನೆಲದೊಳಗೆ ಸುರಂಗ ತೋಡಿಸಿ, ಇಂಗಿದ ನೀರನ್ನು ಇಳಿಜಾರಿನ ಬಲದಿಂದಲೇ, ಯಾವ ಯಂತ್ರವೂ ಇಲ್ಲದೆ, ಜನವಸತಿಗೆ ತಂದ ಏರ್ಪಾಡು ಇದು. ಮೇಲಿನಿಂದ ಸುರಂಗಕ್ಕೆ ಗಾಳಿ ಬೆಳಕು ಬಿಡುವ ಬಾವಿಯಂಥ ಕಂಡಿಗಳನ್ನು ಒಂದೊಂದಾಗಿ ಹುಡುಕುತ್ತ ಹೋಗುವುದೇ ಮಕ್ಕಳಿಗೆ ಆಟ, ಆದರೆ ಕೈ ಹಿಡಿದುಕೊಂಡೇ ಇರಿ. ಕಂಡಿಯ ಅಂಚಿಗೆ ಬಗ್ಗಿ ನೋಡಲು ಬಿಡಬೇಡಿ, ಸುರಂಗದೊಳಕ್ಕೆ ಇಳಿಸಬೇಡಿ.

2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಸುಮಾರು 110 ಕಿ.ಮೀ. ಉದ್ದದ ಮಾರ್ಗದಿಂದಾಗಿ ರೈಲಿನಲ್ಲೂ ಬೀದರ್ ತಲುಪಬಹುದು. ರೈಲಿನ ವೇಳೆ ಹೊಂದದಿದ್ದರೆ ಹುಮನಾಬಾದ್ ಮೇಲಿನ ಬಸ್ಸೇ ವಾಸಿ. ತಲುಪುವ ಹೊತ್ತಿಗೆ ಬಿಸಿಲೇರಿದ್ದರೆ ಅರಣ್ಯ ಇಲಾಖೆಯ ದೇವದೇವ ವನದ ನೆರಳಿನಲ್ಲಿ ಮಧ್ಯಾಹ್ನ ಕಳೆದು, ಅಷ್ಟೂರಿನ ಬಹಮನಿ ಗುಂಬಜುಗಳ ಬಯಲನ್ನು ಸಂಜೆಗೆ ಇಟ್ಟುಕೊಳ್ಳಿ. ಬೀದರಿನ ಹೊರವಲಯದ ಬಯಲುಗಳಲ್ಲಿ ಚಿಗರಿಗಳೂ ಇವೆ. ಗಂಡಿನ ಮೈ ಕಪ್ಪು, ಕೊಂಬು ತಿರುಚಿರುತ್ತದೆ. ಹೆಣ್ಣು ಮತ್ತು ಮರಿಗಳು ಕಂದು. ಕಂಡರೆ ನಿಂತಲ್ಲೇ ನಿಂತು ನೋಡಿ. ಫೋಟೊಕ್ಕಾಗಿ ಬೈಕಿನಲ್ಲಿ ಬೆನ್ನಟ್ಟುವವರನ್ನು ಕಂಡರೆ ಮಕ್ಕಳೆದುರೇ ಗದರಿಸಿ, ಅದೂ ಒಂದು ಪಾಠವೇ.

ಪ್ರಶ್ನೆ: ನಾವು ಎಂಟು ಜನ ಕಾಲೇಜು ಗೆಳೆಯರು ಚಿಂಚೋಳಿ ಕಾಡಿಗೆ ಬೈಕಿನಲ್ಲಿ ಹೋಗಿ, ಅಲ್ಲೇ ಅಡುಗೆ ಮಾಡಿ, ರಾತ್ರಿ ಉಳಿಯಬೇಕೆಂದಿದ್ದೇವೆ. ಒಳ್ಳೆಯ ಜಾಗ ತಿಳಿಸಿ.
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಅಡುಗೆಯೂ ಬೇಡ, ರಾತ್ರಿಯೂ ಬೇಡ. ಚಿಂಚೋಳಿಯ ಸುಮಾರು 135 ಚದರ ಕಿ.ಮೀ. ಕಾಡು 2011ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಕ್ಕೆ ಹೋಗಲು ಅನುಮತಿ ಬೇಕು, ಬೆಂಕಿ ಹಚ್ಚುವುದು ಅಪರಾಧ. ಎಲೆ ಉದುರಿಸುವ ಒಣ ಕಾಡಿನಲ್ಲಿ ಡಿಸೆಂಬರ್ ನಂತರ ಹುಲ್ಲು ಒಣಗಿ ನಿಂತಿರುತ್ತದೆ, ಆರಿಸಿದೆವೆಂದುಕೊಂಡ ಒಲೆಯ ಒಂದು ಕಿಡಿ ಸಾಕು. ಚಿಂಚೋಳಿಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ರೊಟ್ಟಿ ಕಟ್ಟಿಕೊಂಡು ಹೋಗಿ, ಚಂದ್ರಂಪಳ್ಳಿ ಜಲಾಶಯದ ಕಡೆ ಅವರು ಹೇಳಿದ ಹಾದಿಯಲ್ಲಷ್ಟೇ ನಡೆದು, ಬೆಳಕಿರುವಾಗಲೇ ಹೊರಬನ್ನಿ. ಕಲಬುರಗಿಯಿಂದ 80 ಕಿ.ಮೀ.ಗೂ ಹೆಚ್ಚು ದೂರವಿರುವುದರಿಂದ ಇದು ಒಂದು ಪೂರ್ತಿ ದಿನದ ಕೆಲಸ. ಜುಲೈಯಿಂದ ನವೆಂಬರಿನವರೆಗೆ ಕಾಡು ಹಸಿರಾಗಿರುತ್ತದೆ. ಎತ್ತಿಪೋತ ಜಲಪಾತವನ್ನು ನೋಡುವುದಾದರೂ ಮಳೆಗಾಲದಲ್ಲೇ, ಮತ್ತು ಆಗ ಬಂಡೆಗಳು ಪಾಚಿಗಟ್ಟಿರುತ್ತವೆ ಎಂಬುದನ್ನು ಎಂಟೂ ಜನ ನೆನಪಿಡಬೇಕು. ಫೆಬ್ರವರಿ, ಮಾರ್ಚಿನಲ್ಲಿ ಎಲೆಯಿಲ್ಲದ ಕೊಂಬೆಗಳ ಮೇಲೆ ಮುತ್ತುಗದ ಹೂವು ಕಾಣಬೇಕೆನ್ನುವವರು ಆಗಲೂ ಹೋಗಬಹುದು, ನೀರು ಮಾತ್ರ ಇಮ್ಮಡಿ ಒಯ್ಯಬೇಕು.

ಪ್ರಶ್ನೆ: ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಯಾದಗಿರಿಗೆ ಬಂದಿದ್ದೇನೆ. ಇಲ್ಲಿ ಉದ್ಯಾನ, ಕೆರೆ ಹುಡುಕುವ ಬದಲು ಊರಾಚೆಯ ಹೊಲದ ಹಾದಿಯಲ್ಲೇ ನಡೆಯಬಹುದೇ? ಹಾವಿನ ಭಯವಿದೆ.
— ಯಾದಗಿರಿ

ಉತ್ತರ: ಧಾರಾಳವಾಗಿ ನಡೆಯಬಹುದು. ಈ ಮೂರು ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ನಡಿಗೆ ಯಾವುದೆಂದು ನಮ್ಮನ್ನು ಕೇಳಿದರೆ, ಅಕ್ಟೋಬರಿನಿಂದ ಜನವರಿಯವರೆಗಿನ ಹೊಲದ ಬದುವೇ ಎಂದು ಹೇಳುತ್ತೇವೆ. ತೊಗರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ 2019ರಲ್ಲಿ ಸಿಕ್ಕಿದ್ದು ಕಲಬುರಗಿಯ ಹೆಸರಿನಲ್ಲಿ, ಆದರೆ ನಿಮ್ಮ ಯಾದಗಿರಿಯ ಎರೆ ಹೊಲಗಳಲ್ಲೂ ಅದು ಆಳೆತ್ತರ ಬೆಳೆದು ಹಳದಿ ಹೂ ಬಿಡುತ್ತದೆ. ಹೂವಿನ ಹೊತ್ತಿಗೆ ಜೇನು, ಪಾತರಗಿತ್ತಿ. ಕಾಯಿ ಕಟ್ಟುವಾಗ ಕಾಯಿಕೊರಕ ಹುಳು, ಅದನ್ನು ಹುಡುಕಿ ಬರುವ ಹಕ್ಕಿಗಳು. ಔಷಧಿಗೆ ಬಗ್ಗದ ಈ ಹುಳುವನ್ನು, ಗಿಡ ಅಲುಗಾಡಿಸಿ ಕೆಳಗೆ ಎಳೆಯುತ್ತ ಹೋಗುವ ಅರಿವೆಯ ಮೇಲೆ ಉದುರಿಸಿಕೊಂಡು ನಾಶ ಮಾಡುವ ಪದ್ಧತಿ ಈ ಭಾಗದ ರೈತರದು. ಅದು ಕಣ್ಣಿಗೆ ಬಿದ್ದರೆ ನಿಂತು ನೋಡಿ. ಔಷಧಿ ಹೊಡೆದ ಹೊಲದ ಹತ್ತಿರ ಮಾತ್ರ ಕೆಲವು ದಿನ ಸುಳಿಯಬೇಡಿ. ವಿದ್ಯುತ್ ತಂತಿಗಳ ಮೇಲೆ ಕುಳಿತಿರುವ, ಹಾರಿದಾಗ ರೆಕ್ಕೆಯ ನೀಲಿ ಬಿಚ್ಚಿಕೊಳ್ಳುವ ಹಕ್ಕಿ ನಮ್ಮ ರಾಜ್ಯಪಕ್ಷಿ ನೀಲಕಂಠ.

ಹೊಲದಲ್ಲಿ ಯಾರಾದರೂ ಇದ್ದರೆ "ಕಾಕಾ, ಬದುವಿನ ಮ್ಯಾಲಿಂದ ಹೋಗ್ಲೇನ್ರಿ?" ಎಂದು ಒಂದು ಮಾತು ಕೇಳಿ, ಬೇಡ ಎನ್ನುವವರು ಅಪರೂಪ, ಕೇಳದೆ ಹೋದರೆ ಸಿಟ್ಟಾಗುವವರು ಅಪರೂಪವಲ್ಲ. ಎಳ್ಳ ಅಮಾವಾಸ್ಯೆಗೆ ಸಹೋದ್ಯೋಗಿಗಳು ಹೊಲಕ್ಕೆ ಕರೆದರೆ ತಪ್ಪಿಸಬೇಡಿ. ಅಂದು ಊರಿಗೆ ಊರೇ ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತದೆ, ಚರಗ ಚೆಲ್ಲಿದ, ಅಂದರೆ ಹೊಲಕ್ಕೆ ನೈವೇದ್ಯ ಎರಚಿದ, ಮೇಲೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿಯ ಊಟಕ್ಕೆ ಹೊಸಬರಿಗೆ ಮೊದಲ ಮಣೆ.

ಹಾವಿನ ಭಯ ಇರುವುದು ಒಳ್ಳೆಯದೇ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಆಳವಾದ ಬಿರುಕುಗಳಲ್ಲೂ ಕಲ್ಲುಗುಡ್ಡೆಗಳಲ್ಲೂ ಹಾವು, ಚೇಳು ಅಡಗಿರುತ್ತವೆ. ಕಣಕಾಲು ಮುಚ್ಚುವ ಬೂಟು ಹಾಕಿ, ಕೈಯಲ್ಲಿ ಕೋಲು ಹಿಡಿದು, ಕಾಣದ ಜಾಗಕ್ಕೆ ಕೈ ಹಾಕದೆ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೊರಡದೆ ಇದ್ದರೆ ಅಪಾಯ ಬಹುಪಾಲು ತಪ್ಪುತ್ತದೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮಂತ್ರಕ್ಕೆ ಓಡುವುದು ಯಾವುದನ್ನೂ ಮಾಡದೆ, ಕಚ್ಚಿದ ಕೈಕಾಲನ್ನು ಅಲುಗಿಸದೆ ನೇರವಾಗಿ ಜಿಲ್ಲಾ ಆಸ್ಪತ್ರೆ ಸೇರಬೇಕು. ಜೋರು ಮಳೆಯಾದ ಮರುದಿನ ಎರೆ ಹೊಲಕ್ಕೆ ಇಳಿಯಬೇಡಿ, ಹತ್ತು ಹೆಜ್ಜೆಗೆ ಒಂದೊಂದು ಬೂಟಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಅಂಥ ದಿನಗಳಿಗೆ ಯಾದಗಿರಿಯ ಕೋಟೆ ಬೆಟ್ಟದ ಬುಡದ ಕಲ್ಲುನೆಲವಿದೆ. ಚಳಿಗಾಲದಲ್ಲಿ ಒಂದು ರಜೆ ಸಿಕ್ಕರೆ ಸುರಪುರದ ಅರಸರ ಕಾಲದ ಬೋನಾಳ ಕೆರೆಯ ಪಕ್ಷಿಧಾಮಕ್ಕೆ ಹೋಗಿ. ದುರ್ಬೀನು ಇಲ್ಲದಿದ್ದರೆ ಯಾರಲ್ಲಾದರೂ ಕೇಳಿ ಪಡೆದುಕೊಂಡೇ ಹೊರಡಿ, ಹಕ್ಕಿಗಳು ದಂಡೆಯಿಂದ ದೂರದಲ್ಲೇ ಇರುತ್ತವೆ.